ಬೇಡ ಎನ್ನುವ ಕೆಲಸ

ಕಾರ್ಖಾನೆಯಲ್ಲಿ ನಮ್ಮ ಭಾವನಿಗೆ ಇಟ್ಟಿದ್ದ ಅಡ್ಡಹೆಸರು ‘ಬೇಡಪ್ಪ’. ಅಕ್ಕನ ಗಂಡನಲ್ಲವೇ ಎಂದು ನಾನೊಬ್ಬ ಮಾತ್ರ ಬಾಯಿಬಿಟ್ಟು ಹಾಗೆ ಕರೆಯುತ್ತಿರಲಿಲ್ಲ. ಸೈನ್ಯಕ್ಕೆ ಉಕ್ಕಿನ ಕವಚದ ಭಾರೀ ಟ್ರಕ್ಕು ಮಾಡುವ ಜಾಗ ಅದು. ಗಾಜಿನವರಿಗೆ ಗಾಜು ದಪ್ಪವಿರಬೇಕು, ಬಾಗಿಲಿನವರಿಗೆ ಬಾಗಿಲು. ಎಲ್ಲರಿಗೂ ಹೂಂ ಅಂದರೆ ಗಾಡಿ ಭಾರವಾಗಿ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ನಿಂತ ಗಾಡಿಗೆ ಕುರುಡನೂ ಗುಂಡು ಹೊಡೆದಾನು. ಹಾಗಾಗಿ ತೂಕ ಕಾಯಲು ಭಾವನನ್ನು ಕೂರಿಸಿದ್ದರು. ಅವರ ಕಟ್ಟಳೆ ಒಂದೇ: ಏನಾದರೂ ಸೇರಿಸಬೇಕೆಂದವನು, ಅಷ್ಟೇ ತೂಕವನ್ನು ಎಲ್ಲಿಂದ ತೆಗೆಯಬೇಕೆಂದು ತಾನೇ ಹೇಳಬೇಕು.

ಬೇಡ ಬೇಡ ಎಂದೇ ಭಾವ ಹಣ್ಣಾಗಿಹೋಗಿದ್ದರು. ಊಟದ ಹೊತ್ತಿನಲ್ಲಿ ಅವರ ಪಕ್ಕ ಯಾರೂ ಕೂರುತ್ತಿರಲಿಲ್ಲ. ಮನೆಯಲ್ಲಿ ಅಕ್ಕ “ಇನ್ನೊಂದು ಸೌಟು ಹಾಕ್ಲಾ?” ಅಂದರೂ ಬಾಯಿಗೆ ಬರುತ್ತಿದ್ದದ್ದು ಅದೇ ಮಾತು.

ಅವರ ಮಗಳು ಸೈನ್ಯದಲ್ಲಿ ಡ್ರೈವರ್ ತರಬೇತಿ ಮುಗಿಸಿ ರಜೆಗೆ ಬಂದಳು. ಮುಂದೆ ಅವಳ ತುಕಡಿಗೆ ಹೋಗಲಿದ್ದದ್ದು ನಮ್ಮದೇ ಹೊಸ ಟ್ರಕ್ಕು. ಅದರ ನಕ್ಷೆಗೆ ಕೊನೆಯ ಒಪ್ಪಿಗೆ ಕೊಡುವ ಸಭೆ ಆ ವಾರವೇ ಇತ್ತು.

ಸಭೆಯಲ್ಲಿ ಭಾವ ಎದ್ದು, “ಡ್ರೈವರ್ ಸೀಟಿನ ಕೆಳಗೆ ಇನ್ನೊಂದು ಉಕ್ಕಿನ ಪ್ಲೇಟು ಹಾಕೋಣ” ಎಂದರು. ನಾವು ಮುಖ ಮುಖ ನೋಡಿಕೊಂಡೆವು. ಮುಂಚಕ್ರ ನೆಲಬಾಂಬಿನ ಮೇಲೆ ಹತ್ತಿದರೆ ಮೊದಲ ಪೆಟ್ಟು ಆ ಸೀಟಿಗೇ. ಬಾಗಿಲಿನ ವಿಭಾಗದ ಹಿರಿಯ ಬಿಡಲಿಲ್ಲ: “ಆಗ್ಲಿ ಸ್ವಾಮಿ. ಎಲ್ಲಿಂದ ತೆಗೀತೀರಿ?”

ಒಂದಿಬ್ಬರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಭಾವ ನಕ್ಷೆಯ ಮೇಲೆ ಬೆರಳಾಡಿಸಿದರು. ಎಂಜಿನ್ನು, ಟೈರು, ಡೀಸೆಲ್ ಟ್ಯಾಂಕು, ಎಲ್ಲ ಕಡೆ ಅವರೇ ಕೆರೆದು ಕೆರೆದು ತೆಗೆದಾಗಿತ್ತು. ಉಳಿದದ್ದು ಹಿಂಭಾಗದ ತಳದ ಪ್ಲೇಟು ಮಾತ್ರ. ಅದರ ಮೇಲೆ ಎಂಟು ಜನ ಸೈನಿಕರು ಕೂರುತ್ತಾರೆ. ಬೆರಳು ಬಹಳ ಹೊತ್ತು ಅಲ್ಲೇ ಇತ್ತು.

“ಬೇಡ” ಎಂದು ಕೂತುಬಿಟ್ಟರು.

ಸಂಜೆ ಅವರೊಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಅವರ ಮನೆಗೆ ಹೋದೆ. ಮಗಳು ಬೂಟಿಗೆ ಪಾಲಿಶ್ ಹಾಕುತ್ತಿದ್ದಳು. ಭಾವ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದರು: “ನಿನ್ನ ಸೀಟಿಗೆ ಇನ್ನೊಂದು ಪ್ಲೇಟು ಹಾಕ್ಸೋಕೆ ನನ್ನ ಕೈಲಾಗ್ಲಿಲ್ಲ ಕಣೇ. ಹಾಕ್ಸಿದ್ರೆ ಹಿಂದೆ ಕೂತೋರದ್ದು ತೆಗೀಬೇಕಿತ್ತು.”

“ಅವರು ದಿನಾ ನನ್ನ ಜೊತೆ ಊಟ ಮಾಡೋರು ಅಪ್ಪಾ. ತೆಗೆದಿದ್ರೆ ಯಾವ ಮುಖ ಇಟ್ಕೊಂಡು ಕೂರ್ಲಿ?” ಎಂದು ಅವಳು ಇನ್ನೊಂದು ಬೂಟು ಎತ್ತಿಕೊಂಡಳು.

ಬೈದಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು. ಭಾವ ಅಲ್ಲೇ ಹೊಸ್ತಿಲ ಮೇಲೆ ಕೂತರು. “ನೀನು ಒಂದ್ಸಲ ಅತ್ತಿದ್ರೆ ಸಾಕಿತ್ತು. ನಾಳೆನೇ ಹೋಗಿ ತೆಗೆಸಿಬಿಡ್ತಿದ್ದೆ.”

“ಗೊತ್ತು,” ಎಂದಳು ಮಗಳು, ತಲೆಯೆತ್ತದೆ. “ಅದಕ್ಕೇ ಅಳ್ತಿಲ್ಲ.”