ಇಂಗಿನ ಡಬ್ಬಿಯ ಪ್ಯಾದೆಗಳು

ಕಳೆದ ವಾರ ಗಜೇಂದ್ರಗಡದ ಪೇಟೆಯಲ್ಲಿ ನಾವು ಹೋಗುವ ಕಿರಾಣಿ ಅಂಗಡಿಯವರು ಗಟ್ಟಿ ಇಂಗಿನ ಹೊಸ ಡಬ್ಬಿ ತೆರೆದರು. ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಸಾರು ನೆನಪಾಗಲಿಲ್ಲ, ಒಗ್ಗರಣೆ ನೆನಪಾಗಲಿಲ್ಲ. ಚದುರಂಗ ನೆನಪಾಯಿತು. ಅದರ ಹಿಂದೆಯೇ ಅಕ್ಕ...

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ನರಗುಂದದ ನನ್ನ ಗಂಡನ ಮನೆಯಲ್ಲಿ ಚದುರಂಗದ ಕಾಯಿಗಳನ್ನು ಹಳೆಯದೊಂದು ಇಂಗಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಆ ರೂಢಿ ಹಾಕಿದವಳೂ ಅವಳೇ. ಕಟ್ಟಿಗೆಯ ಕಾಯಿಗಳಿಗೆ ವಾಸನೆ ಎಷ್ಟು ಹಿಡಿದಿತ್ತೆಂದರೆ, ಒಂದು ಆಟ ಆಡಿ ಎದ್ದರೆ ಊಟದ ತನಕ ಕೈ ನಾರುತ್ತಿತ್ತು. ನಾನು ಪ್ರತಿ ಸಲ ಸಾಬೂನು ಹಚ್ಚಿ ತಿಕ್ಕಿ ತೊಳೆಯುತ್ತಿದ್ದೆ. ಅವಳು ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದಳು.

“ತೊಳಿ, ತೊಳಿ. ಎಂದರ ಒಂದಿನ ಈ ಮನಿ ವಾಸನಿ ನಿನಗೂ ಹತ್ತತೈತಿ.”

ನಾನು ರೋಣದವಳು. ಶಾಲೆಯಲ್ಲಿದ್ದಾಗ ಚದುರಂಗದಲ್ಲಿ ಗಂಡುಹುಡುಗರನ್ನೂ ಸೋಲಿಸಿ ಬಹುಮಾನದ ಕಪ್ ತಂದವಳು. ಹೆಣ್ಣು ನೋಡಲು ಬಂದಾಗ ಮಾವ ಅಡುಗೆ ಬರುತ್ತದೆಯೇ ಎಂದು ಕೇಳಲಿಲ್ಲ. ಗೂಡಿನಲ್ಲಿದ್ದ ಆ ಕಪ್ಪನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿ, ನಮ್ಮ ಮನೆಗೆ ಆಟಗಾರ್ತಿ ಬರುತ್ತಾಳೆ ಎಂದು ಅಪ್ಪನ ಮುಂದೆ ಹಿಗ್ಗಿದರು. ಅವರಿಗೆ ಚದುರಂಗದ ಹುಚ್ಚು. ಸಂಜೆಯಾದರೆ ಪಡಸಾಲೆಯಲ್ಲಿ ಜಮಖಾನೆ ಹಾಸಿ ಒಂದು ಆಟ ಆಗಲೇಬೇಕು. ಅವರ ಎದುರಿನ ಜಾಗ ಇನ್ನು ನನ್ನದೇ ಎಂದುಕೊಂಡು ಹೊಸ್ತಿಲು ದಾಟಿದೆ. ದಾಟಿ ನೋಡಿದರೆ ಅಲ್ಲಿ ಅಕ್ಕ ಕೂತಿದ್ದಳು.

ಅವಳ ಆಟವನ್ನು ಆಟ ಎನ್ನಲು ನನಗೆ ಮನಸ್ಸು ಬರುತ್ತಿರಲಿಲ್ಲ. ನಾನು ಕಲಿತದ್ದು ಪುಸ್ತಕದಿಂದ: ಮೊದಲು ನಡುವಿನ ಪ್ಯಾದೆ, ಆಮೇಲೆ ಕುದುರೆ, ಒಂಟೆ, ಆಮೇಲೆ ರಾಜನನ್ನು ಮೂಲೆಯಲ್ಲಿ ಭದ್ರ ಮಾಡುವುದು. ಅವಳು ಬರೀ ಪ್ಯಾದೆಗಳನ್ನೇ ನಡೆಸುತ್ತಿದ್ದಳು. ಈ ಅಂಚಿನದೊಂದು, ಆ ಅಂಚಿನದೊಂದು, ಮತ್ತೆ ಅದರ ಪಕ್ಕದ್ದು... ಆನೆ, ಕುದುರೆ, ವಜೀರ ಎಲ್ಲ ಹಿಂದೆ ಕೂತು ಬೇಸರಪಡಬೇಕು. ಒಂದು ಪ್ಯಾದೆ ಎಂದೋ ಕಳೆದುಹೋಗಿ ಅದರ ಬದಲು ಅಡಿಕೆ ಇಟ್ಟಿದ್ದರು. ಮೊದಲು ಹೊರಡುವುದು ಯಾವಾಗಲೂ ಆ ಅಡಿಕೆಯೇ. ಹೀಗೇಕೆ ಎಂದು ಒಮ್ಮೆ ಕೇಳಿದೆ.

“ಸಣ್ಣವರು ಮೊದಲ ಉಂಡು ಏಳಲಿ. ದೊಡ್ಡವರಿಗೇನು ಅವಸರ?” ಎಂದಳು.

ಆ ಮನೆಯಲ್ಲಿ ಮಕ್ಕಳನ್ನೇ ಮೊದಲ ಪಂಕ್ತಿಗೆ ಕೂರಿಸುತ್ತಿದ್ದರು, ಬಡಿಸುವವಳು ಅವಳು. ಅದೇ ಪದ್ಧತಿಯನ್ನು ಮಣೆಯ ಮೇಲೂ ನಡೆಸುತ್ತಿದ್ದಳು.

ಒಂದು ರವಿವಾರ ಮಾವ ನಮ್ಮಿಬ್ಬರನ್ನೇ ಎದುರುಬದುರು ಕೂರಿಸಿದರು. ಗೆದ್ದವಳಿಗೆ ಸಂಜೆಯ ಜಾಗ ಎಂದು ಅವರೇನೂ ಹೇಳಲಿಲ್ಲ. ನಾನೇ ಮನಸ್ಸಿನಲ್ಲಿ ಹಾಗೆ ಪಣ ಕಟ್ಟಿಕೊಂಡೆ. ಅವಳ ಪ್ಯಾದೆಗಳು ಒಂದಕ್ಕೊಂದು ಹೆಗಲು ಕೊಟ್ಟು ಬಂದವು. ನನ್ನ ಕುದುರೆಗಳಿಗೆ ಕಾಲಿಡಲು ಮನೆ ಸಿಗದೆ ನಡುವೆ ಬೆವರೇ ಬಂತು. ಅವಳೋ ಒಲೆಯ ಮೇಲಿನ ಹಾಲಿಗೆ ಒಂದು ಕಿವಿ ಕೊಟ್ಟು, ಮಕ್ಕಳನ್ನು ಗದರಿಸುತ್ತ, ತವರೂರು ಕೊಣ್ಣೂರಿನ ಸೇತುವೆಗೆ ನೀರು ಬಂದ ಸುದ್ದಿ ಹೇಳುತ್ತ ಆಡುತ್ತಿದ್ದಳು. ಕೊನೆಗೆ ಅವಳ ರಾಜನ ಮುಂದೆ ಒಬ್ಬ ಕಾವಲುಗಾರನೂ ಇರಲಿಲ್ಲ, ಎಲ್ಲರೂ ಮುಂದೆ ಹೋಗಿಬಿಟ್ಟಿದ್ದರು. ನಾನು ಗೆದ್ದೆ. ಸುತ್ತ ನೆರೆದ ಮನೆಯವರೆಲ್ಲ ನಕ್ಕರು. ಅದು ನನ್ನ ಗೆಲುವಿಗಲ್ಲ, ನನ್ನ ಅಂಗಳದ ತನಕ ಬಂದು ನಿಂತಿದ್ದ ಅವಳ ಅಡಿಕೆಗೆ.

ಮರುದಿನ ಸಂಜೆ ಮಾವ ಜಮಖಾನೆ ಹಾಸಿ ಕರೆದದ್ದು ಅವಳನ್ನೇ. ನನಗೆ ತಡೆಯಲಾಗಲಿಲ್ಲ. ನಿನ್ನೆ ಗೆದ್ದವಳು ನಾನಲ್ಲವೇ ಎಂದು ಕೇಳಿಯೇಬಿಟ್ಟೆ.

“ನೀ ಗೆಲ್ತಿ, ಖರೇ,” ಎಂದರು ಮಾವ. “ಆದ್ರ ನೀ ಮುಂದ ಏನ್ ನಡಸ್ತಿ ಅನ್ನೂದು ನನಗ ಮೊದಲ ತಿಳೀತೈತಿ. ಈಕಿ ಏನ್ ಮಾಡ್ತಾಳ ಅನ್ನೂದು ಈಕಿಗೇ ಗೊತ್ತಿರೂದಿಲ್ಲ.”

ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕ. ನನ್ನ ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ, ಅವತ್ತಿನಿಂದ ಅವಳ ಯಾವುದನ್ನು ಕಂಡರೂ ಉರಿಯುತ್ತಿತ್ತು. ಅವಳ ರೊಟ್ಟಿ ಉಬ್ಬುವುದು, ಹಾಲು ಉಕ್ಕಿಸಿದರೂ ಅವಳನ್ನು ಯಾರೂ ಬೈಯದಿರುವುದು, ಸೋತು ಎದ್ದವಳು ಹೋಗಿ ಹೊಟ್ಟೆತುಂಬ ಉಣ್ಣುವುದು... ಗೆದ್ದ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಮುಂದೆ ಗಂಡನಿಗೆ ಗಜೇಂದ್ರಗಡಕ್ಕೆ ವರ್ಗವಾಗಿ ನಾವು ಇತ್ತ ಬಂದೆವು. ಹಬ್ಬಕ್ಕೆ ಹೋದಾಗಲೆಲ್ಲ ಅದೇ ಜಮಖಾನೆ, ಅವರೇ ಇಬ್ಬರು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವಳ ನಗು ಕೇಳುತ್ತಿತ್ತು. ಹೋದ ಬೇಸಿಗೆಯಲ್ಲಿ ಜ್ವರವೆಂದು ದವಾಖಾನೆಗೆ ಹೋದವಳು ತಿರುಗಿ ಬರಲಿಲ್ಲ.

ಶ್ರಾವಣದಲ್ಲಿ ನರಗುಂದಕ್ಕೆ ಹೋದಾಗ ಡಬ್ಬಿ ತಾ ಎಂದು ಮಾವ ನನಗೆ ಹೇಳಿದರು. ಇಷ್ಟು ವರ್ಷ ನಾನು ಬಯಸಿದ ಜಾಗ ಖಾಲಿ ಇತ್ತು. ಕೂತೆ. ಮಾವ ಕಾಯಿಗಳನ್ನು ಸುರುವಿ, ಬೆರಳಾಡಿಸಿ ಅಡಿಕೆಯನ್ನು ಹುಡುಕಿ ತಮ್ಮ ಕಡೆ ಇಟ್ಟುಕೊಂಡರು. ಮೊದಲು ಅದನ್ನೇ ನಡೆಸಿದರು. ಆಮೇಲೆ ಆ ಅಂಚಿನದು. ಆಮೇಲೆ ಅದರ ಪಕ್ಕದ್ದು...

“ಇದು ಅಕ್ಕನ ಆಟ ಅಲ್ಲೇನ್ರೀ, ಮಾವಾರ?” ಎಂದೆ.

“ಹೂಂ. ನೀ ಆಡವಾ,” ಎಂದರು, ಮಣೆಯಿಂದ ಕಣ್ಣೆತ್ತದೆ.

ಆಡಿದೆ. ಅವತ್ತೂ ನಾನೇ ಗೆದ್ದೆ. ಗೆದ್ದು ಬಾಗಿಲ ಕಡೆ ನೋಡಿದೆ, ಅಲ್ಲಿ ಯಾರೂ ಒರಗಿ ನಿಂತಿರಲಿಲ್ಲ. ಅಳು ಬಂತು. ಅಳುವಿನ ಜೊತೆಗೇ ಆ ಹಳೆಯ ಉರಿಯೂ ಬಂತು. ನಾಳೆ ನಾನಿಲ್ಲದಾಗ ನನ್ನ ಆಟವನ್ನು ಹೀಗೆ ನೆನಪಿಟ್ಟು ಆಡುವವರು ಯಾರಿದ್ದಾರೆ?

ಅಂಗಡಿಯವರು ಎಷ್ಟು ಕಟ್ಟಲಿ ಎಂದು ಕೇಳಿದಾಗ ನಾನೊಂದು ಇಂಗಿನ ಚೂರನ್ನು ಬೆರಳಲ್ಲಿ ತಿಕ್ಕುತ್ತ ನಿಂತಿದ್ದೆ. ಸ್ವಲ್ಪ ಕಟ್ಟಿಸಿಕೊಂಡು ಮನೆಗೆ ಬಂದೆ. ನಲ್ಲಿ ಬಿಟ್ಟು ಸಾಬೂನು ಕೈಗೆ ತೆಗೆದುಕೊಂಡೆ... ಮತ್ತೆ ಅಲ್ಲೇ ಇಟ್ಟು ನಲ್ಲಿ ನಿಲ್ಲಿಸಿದೆ. ಊಟದ ತನಕ ಕೈ ನಾರುತ್ತಲೇ ಇತ್ತು.