ಚೌಕಟ್ಟಿನಾಚೆಗೆ ತಳ್ಳಿದ ನೀರು

ಮಾವ, ಆ ದಿನ ನೀರಿನ ಬೋಗುಣಿಯನ್ನು ಕಾಲಿನಿಂದ ದೂರ ತಳ್ಳಿದ್ದು ನೀನಲ್ಲ, ನಾನು. ಎಡವಿ ತಾಗಿದ್ದಲ್ಲ. ನೋಡಿಕೊಂಡು, ಸದ್ದಾಗದಂತೆ ತಳ್ಳಿದೆ.

ನಿನ್ನೆದುರು ಓದಿ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಕೂತರೆ ನಡುವೆ ಎಲ್ಲೋ ನನ್ನ ಪರವಾಗಿ ಒಂದು ಮಾತು ಸೇರಿಸಿಬಿಡುತ್ತೇನೆ — ಅಷ್ಟರಮಟ್ಟಿಗೆ ನನ್ನನ್ನು ನಾನು ಬಲ್ಲೆ.

"ನಮ್ಮಕ್ಕನ ಮಗ್ಳು ಸಿನಿಮಾದಲ್ಲಿ ಎಸ್ರು ಬರ್ಸೋಳು ಕಣ್ರಲಾ" ಎಂದು ನೀನು ಊರವರಿಗೆಲ್ಲ ಹೇಳುತ್ತಿದ್ದೆ. ಸರಿಯಾಗಿಯೇ ಹೇಳುತ್ತಿದ್ದೆ. ಕೊಲೆಯ ಚಿತ್ರ ಶುರುವಾಗುವಾಗ ಹೆಸರುಗಳ ಹಿಂದೆ ಓಡುವ ಆ ಎರಡು ನಿಮಿಷವನ್ನು ಕಟ್ಟುವುದು ನನ್ನ ಕೆಲಸ. ಕಥೆ ಇನ್ನೂ ಶುರುವಾಗಿರುವುದಿಲ್ಲ, ಯಾರು ಸಾಯುತ್ತಾರೋ ಗೊತ್ತಿರುವುದಿಲ್ಲ. ಆದರೂ ಜನ ಮೊಬೈಲನ್ನು ಜೇಬಿಗಿಟ್ಟು ಮುಂದಕ್ಕೆ ಬಾಗಬೇಕು. ಅದಕ್ಕೆ ಮುಖ ತೋರಿಸಬಾರದು, ಕೈ ತೋರಿಸಬೇಕು. ಕತ್ತಿ ಕಾಣಬೇಕು, ಅದು ಸೊಪ್ಪು ಹೆಚ್ಚುವ ಕತ್ತಿ ಎಂದು ಕಾಣಬಾರದು. ಅಪಾಯ ಕಾಣಬೇಕು, ಅದರ ಪಕ್ಕದಲ್ಲೇ ಇರುವ ಕಾವಲು ಕಾಣಬಾರದು. ನಾನು ಕಲಿತದ್ದು ಇಷ್ಟೇ.

ಅಂಥದ್ದೇ ಒಂದು ಚಿತ್ರಕ್ಕೆ ಭಾರತೀನಗರದ ಹತ್ತಿರದ ನಿನ್ನ ಆಲೆಮನೆಯನ್ನು ಆರಿಸಿದವಳು ನಾನೇ. ಗಾಣಕ್ಕೆ ಸಿಕ್ಕ ಕಬ್ಬು, ಒಲೆಯ ಬಾಯಿ, ಕೊಪ್ಪರಿಗೆಯಲ್ಲಿ ಏಳುವ ನೊರೆ, ಅದರ ಹಬೆಯಲ್ಲಿ ಮೂಡಿ ಕರಗುವ ಹೆಸರುಗಳು. ಕೊನೆಗೆ, ಕುದಿಯುವ ಬೆಲ್ಲದ ಪಾಕಕ್ಕೆ ಇಳಿಯುವ ನಿನ್ನ ಬರಿಗೈ. ನೀನು ಹೊಸ ಅಂಗಿ ತೊಟ್ಟು, ಮೀಸೆಗೆ ಕಪ್ಪು ಬಳಿದುಕೊಂಡು ಬಂದಿದ್ದೆ. "ಬರೀ ಕೈ ತಗೀತೀವಿ ಮಾವ, ಮೀಸೆ ಬರಲ್ಲ" ಎಂದೆ ನಾನು. "ಬುಡಮ್ಮಿ, ಕೈ ನೋಡುದ್ರೇ ಗೊತ್ತಾಯ್ತದೆ, ಎಂತಾ ಮೀಸೆಯೋನು ಅಂತ" ಎಂದು ನೀನು ಎಲ್ಲರನ್ನೂ ನಗಿಸಿದೆ.

ಪಾಕದ ಹದ ನೋಡುವುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ಕೈಯನ್ನು ತಣ್ಣೀರಿಗೆ ಅದ್ದಬೇಕು, ಬೆರಳ ತುದಿಯಲ್ಲಿ ಪಾಕ ಬಾಚಬೇಕು, ಆ ಕ್ಷಣವೇ ಕೈಯನ್ನು ಮತ್ತೆ ನೀರಿಗೆ ಮುಳುಗಿಸಿ ಉಂಡೆ ಕಟ್ಟುತ್ತದೋ ಎಂದು ನೋಡಬೇಕು. ಬೋಗುಣಿ ನಿನ್ನ ಬಲಗಾಲ ಪಕ್ಕದಲ್ಲಿರುತ್ತದೆ. ನೀನು ಅತ್ತ ನೋಡುವುದೇ ಇಲ್ಲ, ಕೈ ತಾನಾಗಿ ಹೋಗುತ್ತದೆ.

ಮೊದಲ ಸಲ ಎಲ್ಲ ಸರಾಗವಾಗಿ ಮುಗಿಯಿತು. ಕ್ಯಾಮೆರಾದ ಪರದೆಯಲ್ಲಿ ನೋಡಿದೆ. ನೀರು ಕಾಣುತ್ತಿತ್ತು — ನೀರು ಕಂಡ ಮೇಲೆ ಇನ್ನೆಲ್ಲಿಯ ಭಯ. ಚೌಕಟ್ಟನ್ನು ಕಿರಿದು ಮಾಡಿ ಅದನ್ನು ಮರೆಮಾಡಬಹುದಿತ್ತು. ಆದರೆ ನಿನ್ನ ಕೈಯಲ್ಲೂ ಭಯವಿರಲಿಲ್ಲ. ನನಗೆ ಹೆದರಿದ ಕೈ ಬೇಕಿತ್ತು.

ಎರಡನೆಯ ಸಲ ನೀನು ಕೈ ಅದ್ದಿ, ನೊರೆಯ ಮೇಲೆ ಕಣ್ಣಿಟ್ಟು ಬಾಗಿದೆ. ಒಲೆಯ ಮುಂದೆ ಚಪ್ಪಲಿ ಕೂಡದು ಎಂದಿದ್ದೆಯಲ್ಲ, ನಾನು ಬರಿಗಾಲಲ್ಲಿದ್ದೆ. ಆ ಕಾಲಿನಿಂದಲೇ... ನಿನ್ನ ಕೈ ಪಾಕ ಬಾಚಿಕೊಂಡು ಪಕ್ಕಕ್ಕೆ ಬಂತು. ಅಲ್ಲಿ ನೆಲವಿತ್ತು. ಕೈ ನೆಲ ತಡಕಿತು, ಗಾಳಿ ತಡಕಿತು. ಪಾಕ ಬೆರಳಿಗೆ ಅಂಟಿಕೊಂಡೇ ಇತ್ತು.

"ನೀರೆಲ್ಲಮ್ಮಿ?" ಎಂದೆ ನೀನು.

ಬೈಯಲಿಲ್ಲ. ಕೇಳಿದೆ, ಅಷ್ಟೇ.

ಸುಡುತ್ತದೆಂದು ತಿಳಿದಿರಲಿಲ್ಲ ಎಂದು ಬರೆಯಲಾರೆ. ತಿಳಿದಿತ್ತು. ಸ್ವಲ್ಪ ಸುಡಲಿ ಎಂದುಕೊಂಡಿದ್ದೆ — ಎಷ್ಟು ಎಂದು ಯೋಚಿಸಿರಲಿಲ್ಲ. ಇನ್ನೊಂದೂ ಇದೆ. ಬೋಗುಣಿ ಎಳೆದು ಕೊಡುವ ಮೊದಲು ನಾನು ಕ್ಯಾಮೆರಾದವನ ಕಡೆ ತಿರುಗಿ ನೋಡಿದೆ, ಸಿಕ್ಕಿತೇ ಎಂದು. ಅವನು ತಲೆಯಾಡಿಸಿದ. ಆಮೇಲೆ ನಿನಗೆ ನೀರು ಕೊಟ್ಟೆ.

ಮದ್ದೂರಿನ ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲಿ ನೀನು ಮತ್ತೆ ಕೇಳಿದೆ: "ಬೋಗುಣಿ ಅಲ್ಲೇ ಮಡ್ಗಿದ್ನಲ್ಲಮ್ಮಿ?"

"ನೀನೇ ಕಾಲಲ್ಲಿ ತಳ್ಬುಟ್ಟೆ ಕಣ್ ಮಾವ" ಎಂದೆ ನಾನು.

ನೀನು ನಂಬಿದೆ.

ಮಂಡ್ಯದ ಚಿತ್ರಮಂದಿರದಲ್ಲಿ ನಿನ್ನ ಪಕ್ಕದಲ್ಲೇ ಕೂತಿದ್ದೆ. ಗಾಳಿ ತಡಕುವ ಆ ಕೈಯ ಮೇಲೆ ಚಿತ್ರದ ಹೆಸರು ಬಿತ್ತು. ಎಲ್ಲರೂ ಉಸಿರು ಹಿಡಿದಿದ್ದರು. "ನಿಜ್ವಾಗ್ಲೂ ಬೆಂದಂಗೈತಲ್ಲೋ" ಎಂದ ಹಿಂದಿನ ಸಾಲಿನವನು. "ಗ್ರಾಫಿಕ್ಸು ಕಣ್ಲಾ, ಸುಮ್ಕೆ ಕೂತ್ಕೊ" ಎಂದ ಅವನ ಗೆಳೆಯ. ಆಮೇಲೆ ಸಿಳ್ಳೆ. ನೀನೂ ನಕ್ಕು ಚಪ್ಪಾಳೆ ತಟ್ಟಲೆಂದು ಕೈಯೆತ್ತಿದೆ, ಮತ್ತೆ ಇಳಿಸಿದೆ. ಬೆರಳುಗಳು ಮಡಚಿಕೊಂಡೇ ಉಳಿದಿದ್ದವು. ಆ ಎರಡು ನಿಮಿಷ ನೋಡಿ ಕೆಲಸ ಕೊಡಲು ನನ್ನನ್ನು ಹುಡುಕಿಕೊಂಡು ಬಂದವರೆಷ್ಟೋ ಜನ.

ನಿನ್ನ ಮಗ ಈಗ ನಿನ್ನನ್ನು ಕೊಪ್ಪರಿಗೆಯ ಹತ್ತಿರ ಬಿಡುವುದಿಲ್ಲ. "ಕಾಲೆಲ್ಲೈತೆ ಅಂತ ಗ್ಯಾನ ಇಲ್ದೋನು ಬೆಂಕಿ ತಾವ್ ಯಾಕ್ ಬತ್ತೀಯಪ್ಪ" ಎಂದು ಕೆಲಸದವರ ಮುಂದೆಯೇ ಅಂದ. ನಾನೂ ಅಲ್ಲೇ ಇದ್ದೆ. ಹೋದ ಸಲ ಬಂದಾಗ ಅತ್ತೆ ನಿನ್ನ ಮುಂದೆ ಕಾಫಿಯ ಲೋಟ ಇಟ್ಟರು. ನೀನು ಎರಡೂ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, ಬಗ್ಗಿ ನೋಡಿ, ಆಮೇಲೆ ಲೋಟಕ್ಕೆ ಕೈ ಚಾಚಿದೆ. ಕೈ ಸುಟ್ಟದ್ದು ಎಲ್ಲರಿಗೂ ಕಾಣುತ್ತದೆ. ನಿನ್ನ ಕಾಲನ್ನು ನೀನೇ ನಂಬದಂತೆ ಮಾಡಿದ್ದು...

ಅಂಚುಗಳನ್ನು ಕತ್ತರಿಸುವ ಮೊದಲಿನ ಪೂರ್ತಿ ತುಣುಕು ನನ್ನ ಬಳಿ ಇನ್ನೂ ಇದೆ. ಅಳಿಸಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಈ ಭಾನುವಾರ ತರುತ್ತೇನೆ. ಅತ್ತೆ, ನಿನ್ನ ಮಗ, ಗಾಣದವರು, ಎಲ್ಲರನ್ನೂ ಆಲೆಮನೆಯಲ್ಲೇ ಕೂರಿಸಿ ತೋರಿಸುತ್ತೇನೆ. ಆಮೇಲೆ ನೀವೆಲ್ಲ ಏನಂದರೂ ಕೇಳಿಸಿಕೊಳ್ಳಲು ಅಲ್ಲೇ ನಿಂತಿರುತ್ತೇನೆ.

ಈ ಸಲ ಕೈ ನೋಡಬೇಡ ಮಾವ. ಕೆಳಗಿನ ಮೂಲೆ ನೋಡು.