ನನ್ನ ಐಸು, ವನಮಾಲಾಳ ಮಡಕೆ

ನನ್ನ ಐಸಿಗೆ ಒಪ್ಪಿಸಿದ ವಸ್ತು ಯಾವುದೂ ಕೆಟ್ಟುಹೋದ ಚರಿತ್ರೆಯಿಲ್ಲ. ಹೊನ್ನಾವರ ಬಂದರಿನಲ್ಲಿ ನನ್ನ ಐಸು ಫ್ಯಾಕ್ಟರಿ ಇದ್ದ ಕಾಲದಲ್ಲಿ, ಆ ಐಸಿನಲ್ಲಿ ಮಲಗಿ ಮುಂಬಯಿಗೆ ಹೋದ ಬಂಗಡೆ, ಬುಟ್ಟಿ ಬಿಚ್ಚಿದ ಕೂಡಲೇ ಬಾಲ ಬಡಿದು, ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಿತ್ತು. ನಂಬದವರು ಆ ಬಂಗಡೆಯನ್ನೇ ವಿಚಾರಿಸಬಹುದು.

ಈ ಜಂಬ ಇಳಿಸಿದವಳು ವನಮಾಲಾ. ಕತಗಾಲದವಳು. ಅವಳ ತಂದೆ ಸಕ್ಕರೆ ಕಾಯಿಲೆಯಲ್ಲೇ ಹೋದವರು. ಎಂಬತ್ತರ ದಶಕದ ಆರಂಭದಲ್ಲಿ ಆ ಕಾಯಿಲೆಯ ಚಿಕಿತ್ಸೆಯ ಮೇಲೆ ಸಂಶೋಧನೆಗೆಂದು ಬಂದು ನಮ್ಮ ಮಹಡಿಯ ಕೋಣೆ ಹಿಡಿದಳು.

"ಔಷಧದ ಬೆಲೆ ಅಂಗಡಿಯವ್ನೇ ಹೇಳ್ತಾನೆ ಮಾಮ," ಎಂದಳು ನನಗೆ. "ಅದಕ್ಕಾಗಿ ಮನೆಯವ್ರು ಎಂತೆಂತ ಬಿಡ್ತಾರೆ ಅಂತ ಯಾರೂ ಹೇಳೂದಿಲ್ಲ. ನಾ ಕೇಳೂಕೆ ಹೊರಟದ್ದು ಅದನ್ನೇ."

ಕೇಳುವುದು ಸುಲಭವಾಗಿರಲಿಲ್ಲ. ಕೈಯಲ್ಲಿ ಚೀಲ, ಕಣ್ಣಿಗೆ ಕನ್ನಡಕ ಕಂಡು, ಕುಟುಂಬ ಯೋಜನೆಯವಳು ಆಪರೇಷನ್ನಿಗೆ ಹಿಡಿಯಲು ಬಂದಳೆಂದು ನಮ್ಮ ಕೇರಿಯ ಗಂಡಸರು ಹಿತ್ತಲ ಬಾಗಿಲಿನಿಂದ ಹಾರಿದ ರಭಸಕ್ಕೆ ಸಮುದ್ರ ಒಂದು ಮೊಳ ಮೇಲೆ ಬಂತು. ಓಡದೆ ಉಳಿದವನು ದಾಸ ಒಬ್ಬನೇ. ಓಡಲು ಅವನ ಕಾಲಿನಲ್ಲಿ ಬಲವಿರಲಿಲ್ಲ.

ದಾಸ ದೋಣಿಯವನು, ಅವನ ಹೆಂಡತಿ ಗಂಗೆ ಮೀನು ಮಾರುವವಳು. ದಾಸನಿಗೆ ದಿನವೂ ಇನ್ಸುಲಿನ್ ಸೂಜಿ. ವನಮಾಲಾ ಅವನ ಮೂತ್ರದ ಹನಿಗಳನ್ನು ನೀಲಿ ದ್ರಾವಣಕ್ಕೆ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸಿದಳು. ಸಕ್ಕರೆ ಹೆಚ್ಚಿದ್ದರೆ ಅದು ಕೆಂಪಾಗುತ್ತದಂತೆ. ದಾಸನದ್ದು ಎಷ್ಟು ಕೆಂಪಾಯಿತೆಂದರೆ, ಹಂಚಿನ ಕಾರ್ಖಾನೆಯವರು ಮಣ್ಣು ಎಲ್ಲಿಂದ ತಂದಿರಿ ಎಂದು ಕೇಳಿಕೊಂಡು ಬಂದರು.

"ಸೂಜಿ ನಿಲ್ಸಿಬಿಡ್ವ ಅಕ್ಕೋರೇ," ಎಂದ ದಾಸ. "ಡಾಕ್ಟ್ರು ಔಷಧ ಏರಿಸ್ತಾ ಹೋದ್ರು, ಕಾಯಿಲೆಯೂ ಏರ್ತಾ ಹೋಯ್ತು. ಬಲೆ ಮಾರಿ ಆತು. ಇನ್ನು ದೋಣಿಯ ಪಾಲನ್ನೂ ಮಾರಿದ್ರೆ ಮಕ್ಕಳು ಎಂತ ತಿಂತ್ರು?"

"ನಿಲ್ಸಿದ್ರೆ ಇವ್ರೇ ಉಳಿಯೂದಿಲ್ಲ ಅಂದಾರೆ ಡಾಕ್ಟ್ರು," ಎಂದಳು ಗಂಗೆ. "ಎಲ್ಲಾ ಕದ್ದು ಬೆಲ್ಲ ತಿಂದದ್ದಕ್ಕೇ ಅಂತೆ. ನಾ ಬೆಲ್ಲದ ಡಬ್ಬಿ ನೆರೆಮನೇಲಿ ಇಟ್ಟೆ."

"ಅವ್ರು ತಿಂದು ಖಾಲಿ ಡಬ್ಬಿ ಕೊಟ್ರು," ಎಂದ ದಾಸ. " ಅದೂ ನನ್ನ ತಲೆಗೇ ಬಂತು!"

ವನಮಾಲಾಳಿಗೂ ಬೆಲ್ಲದ ಮೇಲೇ ಗುಮಾನಿ. ಆದರೂ ಔಷಧ ತೋರಿಸು ಎಂದಳು. ಗಂಗೆಯ ಮುಖ ಅರಳಿತು. ಮರದ ಪೆಟ್ಟಿಗೆ ತಂದು ಗೋಣಿ ಸರಿಸಿದಳು: ಕುಟ್ಟಿದ ಐಸು, ಮೇಲೆ ಧಾರಾಳ ಉಪ್ಪು, ದೂರದೂರಿಗೆ ಕಳಿಸುವ ಒಳ್ಳೇ ಮೀನಿಗೆ ಮಾಡುವ ಹಾಗೆಯೇ. ಅದರ ಹೊಟ್ಟೆಯಲ್ಲಿ ಇನ್ಸುಲಿನ್ ಬಾಟಲಿ.

"ಥಂಡಿಯಲ್ಲಿಡಿ ಅಂದ್ರು ಅಂಗಡಿಯವ್ರು. ಥಂಡಿ ಮಾಡೂದು ನಂಗೆ ಯಾರು ಕಲಿಸ್ಬೇಕು? ಚುಚ್ಚೂಕೆ ಮೊದ್ಲು ಅಂಗೈಲಿ ಉಜ್ಜಿ ಕರಗಿಸ್ತೆ."

"ಐಸು ನಂದು," ಎಂದೆ ನಾನು, ಜೊತೆಗೆ ಹೋದವನು, ಮೀಸೆ ತೀಡಿ.

ವನಮಾಲಾ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಒಳಗೆಲ್ಲ ಕಲ್ಲಾಗಿತ್ತು. ಕರಗಿಸಿ ನೋಡಿದರೆ ಗಾಜಿಗೆ ರವೆಯಂಥ ಕಾಳು ಅಂಟಿತ್ತು. "ದಾಸಣ್ಣ, ನೀನು ಬೆಲ್ಲ ತಿಂದದ್ದಲ್ಲ," ಎಂದಳು. "ಔಷಧ ತಣ್ಣಗಿರ್ಬೇಕು, ಹೆಪ್ಪುಗಟ್ಟಬಾರ್ದು. ಉಪ್ಪು ಬಿದ್ದು ಥಂಡಿ ಏರಿದ ಈ ಐಸಿನಲ್ಲಿ ಇದು ಮುಕ್ಕಾಲು ಸತ್ತೋಗಿದೆ. ನಾನೂ ನಿನ್ನ ಮೇಲೇ ಅನುಮಾನ ಪಟ್ಟೆ."

ಗಂಗೆ ಪೆಟ್ಟಿಗೆಯ ಐಸನ್ನೆಲ್ಲ ಅಂಗಳಕ್ಕೆ ಸುರಿದಳು. ದಾಸ ಎದ್ದು ನಿಂತ. "ಮೊದ್ಲು ನೆರೆಮನೆಗೆ ಹೋಗಿ ಹೇಳಿ ಬನ್ನಿ ಅಕ್ಕೋರೇ, ನಾ ಕಳ್ಳ ಅಲ್ಲ ಅಂತ!"

ವನಮಾಲಾ ಹೇಳಿಯೇ ಬಂದಳು. ಆಮೇಲೆ ಒಂದು ಮಡಕೆಗೆ ಒದ್ದೆ ಮರಳು ತುಂಬಿ, ನಡುವೆ ಪುಟ್ಟ ಕುಡಿಕೆ ಹೂತು, ಹೊಸ ಬಾಟಲಿಯನ್ನು ಅದರಲ್ಲಿಟ್ಟು ನೆರಳಿಗೆ ಸರಿಸಿದಳು. ಕೆಟ್ಟ ಔಷಧಕ್ಕೆಂದು ಏರಿಸಿದ ಪ್ರಮಾಣ ಒಳ್ಳೇ ಔಷಧಕ್ಕೆ ಅಪಾಯವೆಂದು, ಸೂಜಿ ಚುಚ್ಚುವ ಮೊದಲೇ ದಾಸನನ್ನು ಡಾಕ್ಟರರ ಹತ್ತಿರ ಕರೆದೊಯ್ದು ಅದನ್ನು ಕಡಿಮೆ ಮಾಡಿಸಿದಳು. ಬರಬರುತ್ತಾ ದೀಪದ ಮೇಲಿನ ನೀಲಿ ನೀಲಿಯಾಗಿಯೇ ಉಳಿಯಿತು. ದೋಣಿಯ ಪಾಲು ಮಾರಲಿಲ್ಲ. ಮಳೆಗಾಲ ಮುಗಿದದ್ದೇ ದಾಸ ಕಡಲಿಗಿಳಿದ.

ಅಲ್ಲಿಂದ ವನಮಾಲಾ ಕುಮಟೆಯಿಂದ ಭಟ್ಕಳದವರೆಗೆ, ಹೋದ ಮನೆಯಲ್ಲೆಲ್ಲ ಮೊದಲು ಕೇಳುತ್ತಿದ್ದದ್ದು ಔಷಧ ಎಲ್ಲಿಟ್ಟಿದ್ದೀರಿ ಎಂದು. ಒಬ್ಬರು ಅಕ್ಕಿ ಡಬ್ಬಿಯಲ್ಲಿ, ಒಬ್ಬರು ಒಲೆಯ ಮೇಲಿನ ಗೂಡಿನಲ್ಲಿ, ಭಕ್ತರೊಬ್ಬರು ದೇವರ ದೀಪದ ಪಕ್ಕ. ಕೊಳ್ಳಲಾರದೆ ಕಷ್ಟಪಡುವವರಷ್ಟೇ ಅಲ್ಲ, ಕೊಂಡ ಔಷಧ ಮನೆಯಲ್ಲೇ ಸತ್ತದ್ದರಿಂದ ಸಾಲದಲ್ಲಿ ಮುಳುಗಿದವರೂ ಇದ್ದಾರೆಂದು ಅವಳು ವರದಿ ಬರೆದಳು.

ಕೋಣೆ ಬಿಟ್ಟು ಹೊರಟ ದಿನ ನಾನು ಸುಮ್ಮನಿರಲಾರದೆ ಕೆಣಕಿದೆ: "ಎಂತ ಹೇಳು, ನನ್ನ ಐಸಿನಂಥ ಐಸು ಈ ಕರಾವಳಿಯಲ್ಲೇ ಇಲ್ಲ. ಒಂದು ಮಡಕೆಗೋಸ್ಕರ ಅದರ ಮಾನ ಕಳೆದೆಯಲ್ಲೇ!"

ವನಮಾಲಾ ಚೀಲ ಹೆಗಲಿಗೇರಿಸಿದಳು.

"ನಿಮ್ಮ ಐಸಿಗೆ ಸತ್ತವ್ರನ್ನು ಕೊಡಿ ಮಾಮ, ಚೆನ್ನಾಗಿ ನೋಡ್ಕೊಳ್ತದೆ. ಬದುಕಿದ್ದವ್ರನ್ನು ಮಡಕೆಗೆ ಬಿಡಿ."